ಕಿಲುಬು ಹಿಡಿದ ಕಾಸಿನ ಬೆಲೆ

(ಗುತ್ತಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಗದ್ದೆ ಉಳುವಾಗ, ಮನೆಗೆ ಪಾಯ ತೋಡುವಾಗ, ಕೆರೆಯ ಹೂಳೆತ್ತುವಾಗ ಕಿಲುಬು ಕಟ್ಟಿದ ಒಂದು ತಾಮ್ರದ ಬಿಲ್ಲೆ ಕೈಗೆ ಬಂದರೆ, ಸಿಕ್ಕವರು ಕೇಳುವ ಮೊದಲ ಪ್ರಶ್ನೆ ‘ಇದಕ್ಕೆ ಎಷ್ಟು ಬಂದೀತು’ ಎಂಬುದೇ. ಆ ಪ್ರಶ್ನೆಯನ್ನು ಕೀಳಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಬೆವರು ಸುರಿಸಿ ನೆಲ ಅಗೆದವರಿಗೆ ಆ ನೆಲ ಕೊಟ್ಟದ್ದರ ಬೆಲೆ ತಿಳಿಯುವ ಹಕ್ಕಿದೆ. ಇಂದಿನ ಮಾತನ್ನು ಆ ಪ್ರಶ್ನೆಯ ಮೇಲೆಯೇ ಕಟ್ಟುತ್ತೇನೆ. ಸದ್ಯಕ್ಕೆ ಅದಕ್ಕೆ ಉತ್ತರ ಸಿಗುವುದು ಗುಜರಿ ಅಂಗಡಿಯಲ್ಲಿ, ನಾಣ್ಯದ ಪೇಟೆಯಲ್ಲಿ, ಇಲ್ಲವೇ ಸರ್ಕಾರದ ಕಾಯ್ದೆಯಲ್ಲಿ. ಗುಜರಿ ಅಂಗಡಿ ತಾಮ್ರವನ್ನು ತೂಗುತ್ತದೆ. ಪೇಟೆ ಅಂದವನ್ನು ನೋಡುತ್ತದೆ. ಕಾಯ್ದೆಯೂ ಸುತ್ತಿ ಬಳಸಿ ಲೋಹದ ಬೆಲೆಗೇ ಬಂದು ನಿಲ್ಲುತ್ತದೆ. ಆ ಕಾಸು ಯಾವ ಊರಿನ ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ, ಇನ್ನೇನೇನರ ಜೊತೆ ಬಿದ್ದಿತ್ತು ಎಂಬುದಕ್ಕೆ ಇವರಲ್ಲಿ ಯಾರೂ ಚಿಕ್ಕಾಸು ಕೊಡುವುದಿಲ್ಲ. ಕಿಲುಬು ಹಿಡಿದ ಕಾಸಿನ ಬೆಲೆಯಲ್ಲಿ ದೊಡ್ಡ ಪಾಲು ಇರುವುದು ಅಲ್ಲಿಯೇ ಎಂಬುದು ನನ್ನ ವಾದ. ಆ ಪಾಲು ಕಾಸು ಮಣ್ಣಿನಿಂದ ಮೇಲೆ ಬಂದ ಮೊದಲ ದಿನವೇ ಬಹುಪಾಲು ಸೋರಿಹೋಗುತ್ತದೆ. ಆದ್ದರಿಂದ ನಾವು ಬಹುಮಾನ ಕೊಡುವುದಾದರೆ ಕಾಸಿನ ಹೊಳಪಿಗಲ್ಲ, ಅದು ಸಿಕ್ಕ ಜಾಗವನ್ನು ತಿಳಿಸಿದ್ದಕ್ಕೆ ಕೊಡಬೇಕು.

ಮೊದಲು ಪೇಟೆಯ ಲೆಕ್ಕವನ್ನು ನೋಡೋಣ. ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಮುಂದಿಟ್ಟರು. ಅವರು ಅದನ್ನು ರೂಪಿಸಿದ್ದು ಆ ದೇಶದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ. 1980ರ ದಶಕದಲ್ಲಿ ಹುಟ್ಟಿದ ದರ್ಜೆ ನಿರ್ಣಯದ ಸಂಸ್ಥೆಗಳು ಅದನ್ನೇ ಜಗತ್ತಿನ ಅಳತೆಗೋಲಾಗಿ ಹರಡಿದವು, ಇಂದು ನಮ್ಮ ಹರಾಜುಗಳಲ್ಲೂ ಅದರ ಮಾತೇ ನಡೆಯುತ್ತದೆ. ಮಣ್ಣಿನಲ್ಲಿ ಕೊರೆದುಹೋದ ನಾಣ್ಯಕ್ಕೆ ಆ ಸಂಸ್ಥೆಗಳು ಸಾಮಾನ್ಯವಾಗಿ ಅಂಕವನ್ನೇ ಕೊಡುವುದಿಲ್ಲ. ಹಾನಿಗೊಂಡದ್ದು ಎಂದು ಬರೆದು ಬದಿಗಿಡುತ್ತವೆ. ಟಂಕಸಾಲೆಯಿಂದ ಹೊರಟು ಪೆಟ್ಟಿಗೆಯಲ್ಲೇ ಉಳಿದ ನಾಣ್ಯ ಆದರ್ಶವಾದರೆ ಬಳಸಿದ್ದು, ಕಳೆದುಹೋದದ್ದು, ನೆಲದಲ್ಲಿ ಮಲಗಿದ್ದು ಎಲ್ಲವೂ ದೋಷವೇ ಆಗುತ್ತದೆ. ಯಂತ್ರದಲ್ಲಿ ಅಚ್ಚಾದ ಆಧುನಿಕ ನಾಣ್ಯಕ್ಕೆ ಈ ಅಳತೆ ಸಲ್ಲಬಹುದು. ಸಂತೆಯಲ್ಲಿ ಉಪ್ಪು ಮೆಣಸಿಗೆ ಕೈ ಬದಲಾಯಿಸುತ್ತಿದ್ದ ಕಾಸಿಗೆ ಸಲ್ಲುವುದಿಲ್ಲ, ಏಕೆಂದರೆ ಬಳಕೆಯೇ ಅದರ ಚರಿತ್ರೆ. ರೋಮನ್ ಕಂಚಿನ ನಾಣ್ಯ ಕೊಳ್ಳುವ ಪಾಶ್ಚಾತ್ಯ ಸಂಗ್ರಾಹಕರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ ಎನ್ನಬೇಕು. ನಯವಾದ ಹಸಿರು ಪೊರೆಯಿರುವ ನಾಣ್ಯಕ್ಕೆ ಅವರು ಹೆಚ್ಚು ಕೊಡುತ್ತಾರೆ. ತಿಕ್ಕಿ ಬೆಳಗಿದ್ದನ್ನು ಕಂಡರೆ ಬೆಲೆ ಇಳಿಸುತ್ತಾರೆ. ಶುದ್ಧ ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಕಾಸನ್ನು ಉಜ್ಜುವವರು ತಮ್ಮ ಕೈಯಿಂದಲೇ ನಷ್ಟ ಮಾಡಿಕೊಳ್ಳುತ್ತಾರೆ.

ಕಾಯ್ದೆಯ ಲೆಕ್ಕ ಇನ್ನೂ ವಿಚಿತ್ರ. ಬ್ರಿಟಿಷರ 1878ರ ನಿಧಿ ಕಾಯ್ದೆ, ನೆಲದಲ್ಲಿ ಅಡಗಿದ್ದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತು ಸಿಕ್ಕಿದರೆ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು ಹೇಳಿತು. ಸರ್ಕಾರ ಅದನ್ನು ತನ್ನದಾಗಿ ಮಾಡಿಕೊಳ್ಳುವುದಾದರೆ ಲೋಹದ ಬೆಲೆಯನ್ನೂ ಅದರ ಮೇಲೆ ಐದನೆಯ ಒಂದು ಪಾಲನ್ನೂ ಕೊಡಬೇಕೆಂದು ಗೊತ್ತುಮಾಡಿತು. ಚಿನ್ನದ ವರಹಕ್ಕೆ ಈ ಸೂತ್ರದಲ್ಲಿ ಒಂದಿಷ್ಟು ಅರ್ಥವಿದೆ. ಅರ್ಧ ಕರಗಿಹೋದ ತಾಮ್ರದ ಪೈಸೆಗೆ ಇದರಿಂದ ಬರುವ ಹಣ ತಾಲ್ಲೂಕು ಕಚೇರಿಗೆ ಹೋಗಿಬರುವ ಬಸ್ ಚಾರ್ಜಿಗೂ ಸಾಲದು. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯಿದೆ. ನೂರು ವರ್ಷ ದಾಟಿದ ನಾಣ್ಯವನ್ನು ಪ್ರಾಚ್ಯವಸ್ತುವೆಂದು ಕರೆದು ಅದರ ರಫ್ತನ್ನು ತಡೆಯುವ 1972ರ ಕೇಂದ್ರ ಕಾಯ್ದೆಯೂ ಇದೆ. ಇವುಗಳ ಉದ್ದೇಶ ಒಳ್ಳೆಯದೇ. ಆದರೆ ನಿಧಿ ಎಂದ ಕೂಡಲೇ ನಮ್ಮ ಮನಸ್ಸು ಕೊಪ್ಪರಿಗೆಯನ್ನು, ಹೊನ್ನನ್ನು ನೆನೆಯುತ್ತದೆ. ಕಾನೂನಿನ ಕಣ್ಣೂ ಅಲ್ಲಿಯೇ ನೆಟ್ಟಿದೆ. ಒಂಟಿಯಾಗಿ ಸಿಗುವ, ಅಂದಗೆಟ್ಟ ಕಾಸು ಅದರ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಆ ಹಸಿರು ಪದರ ಏನು? ಅದನ್ನು ಕೊಳೆ ಎಂದು ತಿಳಿಯುವುದರಿಂದಲೇ ಅನಾಹುತ ಶುರುವಾಗುತ್ತದೆ. ಮಣ್ಣಿನ ತೇವ, ಗಾಳಿ, ಲವಣಗಳ ಸಂಗದಲ್ಲಿ ತಾಮ್ರ ನಿಧಾನವಾಗಿ ಅದಿರಿನ ಸ್ಥಿತಿಗೆ ಮರಳುತ್ತದೆ. ಲೋಹಕ್ಕೆ ಅಂಟಿಕೊಂಡು ಮೊದಲು ಕೆಂಪು ಕ್ಯುಪ್ರೈಟ್ ಕಟ್ಟುತ್ತದೆ, ಅದರ ಮೇಲೆ ಹಸಿರು ಮ್ಯಾಲಕೈಟ್. ಈ ಬೆಳವಣಿಗೆ ನಡೆಯುವಾಗ ನಾಣ್ಯದ ಮೂಲ ಮೈ, ಅಂದರೆ ಅಚ್ಚಿನ ಪೆಟ್ಟು ಬಿದ್ದಾಗ ಮೂಡಿದ ಅಕ್ಷರ ಮತ್ತು ಚಿತ್ರದ ಗಡಿ, ಎಷ್ಟೋ ಸಲ ಲೋಹದಲ್ಲಿ ಉಳಿದಿರುವುದಿಲ್ಲ. ಆ ಪದರಗಳ ನಡುವೆ ಉಳಿದಿರುತ್ತದೆ. ಪದರವನ್ನು ಕಿತ್ತರೆ ಅಕ್ಷರವೂ ಅದರ ಜೊತೆಗೇ ಹೋಗುತ್ತದೆ, ಕೆಳಗೆ ಉಳಿಯುವುದು ಕುಳಿಬಿದ್ದ ಲೋಹ ಮಾತ್ರ. ಸಂರಕ್ಷಣಾ ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಚಿಕ್ಕ ಅಲಗಿನಿಂದ ಹರಳು ಹರಳಾಗಿ ಮೇಲಿನ ಗಂಟನ್ನು ಬಿಡಿಸುವುದು ಇದಕ್ಕಾಗಿಯೇ. ಎಕ್ಸ್‌ರೇ ಹಾಯಿಸಿ, ಏನನ್ನೂ ಕೀಳದೆ ಒಳಗಿನ ಗುರುತನ್ನು ಓದುವುದೂ ಈಗ ಸಾಧ್ಯ. ಬೆಳ್ಳಿಯ ಮೇಲೆ ಕಟ್ಟುವ ಬೂದುಬಣ್ಣದ ಕ್ಲೋರೈಡ್ ಪದರದ ವಿಷಯವೂ ಹೀಗೆಯೇ. ಸೀಸದ ನಾಣ್ಯಕ್ಕೆ ಶತ್ರು ಬೇರೆ: ಮರದ ಪೆಟ್ಟಿಗೆಯಿಂದ ಹೊಮ್ಮುವ ಹುಳಿ ಆವಿಗೇ ಅದು ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ನೆಲದಲ್ಲಿ ಎರಡು ಸಾವಿರ ವರ್ಷ ಬಾಳಿದ್ದು ಬೀರುವಿನಲ್ಲಿ ಇಪ್ಪತ್ತು ವರ್ಷ ಬಾಳದೆ ಹೋಗಬಹುದು.

ನಮ್ಮ ಮಂಡ್ಯದ ಮಣ್ಣಿಗೆ ಇದರಲ್ಲಿ ಪ್ರತ್ಯೇಕ ಪಾತ್ರವಿದೆ. ಕೃಷ್ಣರಾಜಸಾಗರ ಕಟ್ಟಿದ ಮೇಲೆ, ಇಂದು ನಾವು ವಿಶ್ವೇಶ್ವರಯ್ಯ ನಾಲೆ ಎನ್ನುವ ಅಂದಿನ ಇರ್ವಿನ್ ನಾಲೆಯ ನೀರು 1930ರ ದಶಕದಲ್ಲಿ ಹರಿದು ಬಂದು, ರಾಗಿ ಬೆಳೆಯುತ್ತಿದ್ದ ಒಣಭೂಮಿ ಕಬ್ಬು ಭತ್ತದ ತೋಟಗದ್ದೆಯಾಯಿತು. ಆ ನೀರು ಈ ಜಿಲ್ಲೆಯನ್ನು ಬದುಕಿಸಿತು, ಅದರಲ್ಲಿ ಎರಡು ಮಾತಿಲ್ಲ. ನೆಲದೊಳಗಿದ್ದ ಲೋಹದ ಪಾಲಿಗೆ ಮಾತ್ರ ವರ್ಷಕ್ಕೆ ನಾಲ್ಕು ತಿಂಗಳ ತೇವ ವರ್ಷಪೂರ್ತಿ ತೇವವಾಯಿತು. ಬಳಿಕ ರಸಗೊಬ್ಬರ ಬಂತು. ಪೊಟ್ಯಾಷ್ ಎಂದು ನಾವು ಚೀಲಗಟ್ಟಲೆ ಎರಚುವುದು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕ್ಲೋರೈಡೇ. ತಾಮ್ರಕ್ಕೆ ಅತಿ ಕೆಟ್ಟ ನಂಟು ಇದರದು. ಕ್ಲೋರೈಡ್ ಲೋಹದೊಳಗೆ ಹೊಕ್ಕು ಕೂತರೆ, ಕಾಸು ಹೊರಗೆ ಬಂದು ಗಾಳಿ ತಾಗಿದ ಮೇಲೂ ತೇವವಿರುವಷ್ಟು ದಿನ ಕೊರೆತ ನಡೆಯುತ್ತಲೇ ಇರುತ್ತದೆ. ತಿಳಿ ಹಸಿರು ಪುಡಿ ಮತ್ತೆ ಮತ್ತೆ ಉಕ್ಕುತ್ತದೆ. ಇದನ್ನು ಕಂಚಿನ ರೋಗ ಎನ್ನುತ್ತಾರೆ. ಉತ್ತರ ಯೂರೋಪಿನ ಪುರಾತತ್ತ್ವಜ್ಞರು ತಮ್ಮ ಹೊಲಗಳಲ್ಲಿ ಇತ್ತೀಚೆಗೆ ಸಿಗುವ ಕಂಚಿನ ವಸ್ತುಗಳು ಹಿಂದೆ ಸಿಕ್ಕವುಗಳಿಗಿಂತ ಹೆಚ್ಚು ಕೊರೆದಿರುವುದನ್ನು ಕಂಡು ಈ ಬಗೆಯ ಕಾರಣಗಳನ್ನು ಮುಂದಿಟ್ಟಿದ್ದಾರೆ. ನೀರಾವರಿ, ಗೊಬ್ಬರ, ಆಳದ ಟ್ರಾಕ್ಟರ್ ಉಳುಮೆ ಮೂರೂ ಕೂಡಿರುವ ಮದ್ದೂರು, ಮಂಡ್ಯ, ಮಳವಳ್ಳಿಯ ನಾಲೆ ಬಯಲಿನಲ್ಲಿ ಉಳಿದಿರುವ ತಾಮ್ರ ಹೀಗೆ ಒಳಗೊಳಗೇ ಕರಗುತ್ತಿದೆ ಎಂದು ಎಣಿಸಲು ಸಾಕಷ್ಟು ಆಧಾರವಿದೆ. ‘ನೆಲದಲ್ಲೇ ಇರಲಿ, ಮುಂದಿನವರು ನೋಡಿಕೊಳ್ಳಲಿ’ ಎಂಬ ಮಾತು ಬೇರೆಡೆ ವಿವೇಕವಿರಬಹುದು. ಇಲ್ಲಿ ಮುಂದಿನವರಿಗೆ ಉಳಿಯುವುದು ಹಸಿರು ಮಣ್ಣು.

ಇಷ್ಟಾಗಿ ಮೇಲೆ ಬಂದ ಕಾಸು ನೇರವಾಗಿ ಹೋಗುವುದು ಹುಣಸೆಹಣ್ಣಿನ ನೀರಿಗೆ. ಹಬ್ಬದ ಹಿಂದಿನ ದಿನ ತಾಮ್ರದ ಚೊಂಬು ಬೆಳಗುವ ಮನೆಯಲ್ಲಿ ಇದು ತೀರ ಸಹಜವಾದ ಕೆಲಸ. ಹುಣಸೆಯ ಹುಳಿ, ನಿಂಬೆಯ ಹುಳಿ ತಾಮ್ರದ ಲವಣಗಳನ್ನು ಕರಗಿಸುತ್ತವೆ. ಬೂದಿ, ಮರಳು, ತಂತಿಯ ಬ್ರಷ್ಷು ಉಳಿದದ್ದನ್ನು ಕೆರೆಯುತ್ತವೆ. ಗಂಟೆಯೊಳಗೆ ಕಾಸು ಕೆಂಪಗೆ ಹೊಳೆಯುತ್ತದೆ, ಆದರೆ ಇನ್ನೂರು ವರ್ಷ ಪದರದಲ್ಲಿ ಉಳಿದಿದ್ದ ಗೆರೆಗಳು ಚರಂಡಿಯಲ್ಲಿರುತ್ತವೆ. ಮಾಡಬೇಕಾದ್ದು ಬಹಳ ಸರಳ: ಸಡಿಲ ಮಣ್ಣನ್ನಷ್ಟೇ ಮೆತ್ತಗೆ ಉದುರಿಸಿ, ನೆರಳಲ್ಲಿ ಒಣಗಿಸಿ, ತೇವ ಸೇರದ ಹಾಗೆ ಕಾಗದದಲ್ಲಿ ಸುತ್ತಿಟ್ಟು, ಕಾಗದದ ಮೇಲೆ ಊರು, ಹೊಲ, ದಿನ ಬರೆಯುವುದು. ಹಸಿರು ಪುಡಿ ಉಕ್ಕುತ್ತಿದ್ದರೆ ತಜ್ಞರ ಕೈ ಬೇಕು. ಅದನ್ನು ಬಲ್ಲವರು ಮೈಸೂರಿನಲ್ಲಿ ಇದ್ದಾರೆ.

ಇನ್ನು ಆ ಕಾಸು ಹೇಳುವ ಮಾತಿಗೆ ಬರೋಣ. ಇಲ್ಲಿಂದ ಶ್ರೀರಂಗಪಟ್ಟಣ ದೂರವಲ್ಲ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಂಠೀರಾಯಿ ಹಣವನ್ನು ಹೊರಡಿಸಿದ್ದು ಅಲ್ಲಿಂದಲೇ. ಆ ಚಿನ್ನದ ಪುಟಾಣಿ ಹಣವನ್ನು ಜನ ಬಿಡಲಿಲ್ಲ, ಕಳೆದರೆ ಹುಡುಕಿದರು. ಹಾಗಾಗಿ ಅದು ಹೊಲದಲ್ಲಿ ಸಿಗುವುದು ಅಪರೂಪ. ಕಳೆದುಹೋಗುತ್ತಿದ್ದದ್ದು ತಾಮ್ರ. ಆನೆಯ ಚಿತ್ರ, ಚೌಕುಳಿ ಗೆರೆ, ಕನ್ನಡದ ಅಂಕಿಗಳಿರುವ ಮೈಸೂರು ಕಾಸುಗಳು, ಬಳಿಕ ಟಿಪ್ಪುವಿನ ಆನೆ ಪೈಸೆಗಳು, ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳು. ಟಿಪ್ಪು 1782ರಿಂದ 1799ರವರೆಗೆ ಆಳಿದ ಹದಿನೇಳು ವರ್ಷಗಳಲ್ಲಿ ನಾಣ್ಯವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದ. ಜೋಹ್ರಾ ಎಂಬ ಪೈಸೆ, ಬಹ್ರಾಂ ಎಂಬ ಅರೆಪೈಸೆ, ಅಖ್ತರ್ ಎಂಬ ಕಾಲು ಪೈಸೆ, ಕುತುಬ್ ಎಂಬ ಅರೆಕಾಲು ಪೈಸೆ ಹೀಗೆ ಗ್ರಹ ನಕ್ಷತ್ರಗಳ ಹೆಸರಿಟ್ಟ. ಬಲದಿಂದ ಎಡಕ್ಕೆ ಓದಬೇಕಾದ ಅಂಕಿಗಳಲ್ಲಿ ತನ್ನದೇ ಮೌಲೂದಿ ಶಕೆಯ ವರ್ಷವನ್ನು ಒತ್ತಿಸಿದ. ಪಟ್ಟಣವೆಂದೇ ಕರೆಯುವ ಶ್ರೀರಂಗಪಟ್ಟಣ, ಮಲೆನಾಡಿನ ನಗರ ಎಂಬ ಊರು, ಬೆಂಗಳೂರು, ಚಿತ್ರದುರ್ಗ, ಗುತ್ತಿ, ಹೊಳೆಹೊನ್ನೂರು ಮುಂತಾದ ಕಡೆ ಟಂಕಸಾಲೆ ನಡೆಸಿ, ನಾಣ್ಯದ ಮೇಲೆ ಟಂಕಸಾಲೆಯ ಹೆಸರನ್ನೂ ಹಾಕಿಸಿದ. ಜೆ.ಆರ್. ಹೆಂಡರ್‌ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಮೇಲೆ ಬರೆದ ಗ್ರಂಥ ಈ ಬಗೆಗಳನ್ನೆಲ್ಲ ವಿವರಿಸುತ್ತದೆ. ಯಾವ ಟಂಕಸಾಲೆ ಏನು ಅಚ್ಚು ಹಾಕಿತು ಎಂಬುದು ನಮಗೆ ಚೆನ್ನಾಗಿ ಗೊತ್ತಿದೆ. ಅಚ್ಚಾದದ್ದು ಎಲ್ಲಿಯವರೆಗೆ ಓಡಾಡಿತು, ಎಷ್ಟು ವರ್ಷ ಚಲಾವಣೆಯಲ್ಲಿತ್ತು ಎಂಬುದನ್ನು ತಿಳಿಯಲು ಗ್ರಂಥ ಸಾಲದು. ಹೊಲಗಳ ಸಾಕ್ಷ್ಯ ಬೇಕು.

ಒಂದು ಪ್ರಶ್ನೆಯನ್ನು ಮುಂದಿಡುತ್ತೇನೆ. ಮಲೆನಾಡಿನ ನಗರದಲ್ಲಿ ಅಚ್ಚಾದ ಪೈಸೆ ಮದ್ದೂರಿನ ಹೊಲಗಳಲ್ಲಿ ಎಷ್ಟು ಸಿಗುತ್ತದೆ, ಪಟ್ಟಣದ್ದು ಎಷ್ಟು ಸಿಗುತ್ತದೆ? 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಪೈಸೆ ಈ ಊರುಗಳ ಸಂತೆಯಲ್ಲಿ ಓಡುವುದು ನಿಂತಿತೇ, ಅಥವಾ ಒಡೆಯರ ಕಾಸಿನ ಜೊತೆ ಇನ್ನೊಂದು ತಲೆಮಾರು ನಡೆಯಿತೇ? ಸವೆತವನ್ನು ನೋಡಿ, ಜೊತೆಗೆ ಏನು ಸಿಕ್ಕಿತು ಎಂಬುದನ್ನು ನೋಡಿ ಇದಕ್ಕೆ ಉತ್ತರ ಹುಡುಕಬಹುದು. ಅದಕ್ಕೆ ಚಂದದ ನಾಣ್ಯ ಬೇಕಾಗಿಲ್ಲ. ಆನೆಯ ಸೊಂಡಿಲು ಯಾವ ಕಡೆಗಿದೆ, ಹಿಂಬದಿಯಲ್ಲಿ ಟಂಕಸಾಲೆಯ ಹೆಸರಿನ ಎರಡು ಅಕ್ಷರ ಉಳಿದಿದೆಯೇ, ಅಗಲ ಎಷ್ಟು, ತೂಕ ಎಷ್ಟು ಎಂಬಷ್ಟೇ ಸಾಕಾಗುವ ಸಂದರ್ಭಗಳು ಬಹಳ. ಪೇಟೆಯಲ್ಲಿ ಯಾರೂ ಮುಟ್ಟದ ಮುಕ್ಕಾದ ಪೈಸೆ ಊರಿನ ಹೆಸರಿನೊಂದಿಗೆ ಸಿಕ್ಕರೆ, ಊರಿನ ಹೆಸರಿಲ್ಲದ ಹೊಳೆಯುವ ಪೈಸೆಗಿಂತ ಚರಿತ್ರೆಕಾರರಿಗೆ ಹೆಚ್ಚು ಉಪಯೋಗಿ. ಚೋಳರ ಕಾಲದ ತಾಮ್ರದ ಮಾತೂ ಇದೇ. ಒಂದು ಬದಿ ನಿಂತ ಆಕೃತಿ, ಇನ್ನೊಂದು ಬದಿ ಕುಳಿತ ಆಕೃತಿ, ನಾಗರಿಯಲ್ಲಿ ‘ಶ್ರೀ ರಾಜರಾಜ’ ಎಂದಿರುವ ಕಾಸುಗಳು ದಕ್ಷಿಣ ಭಾರತದಲ್ಲೆಲ್ಲ ಹರಡಿವೆ. ಒಂದೊಂದಾಗಿ ಅವಕ್ಕೆ ಬೆಲೆ ಕಡಿಮೆ. ಗಂಗವಾಡಿಯಲ್ಲಿ ಚೋಳರ ಆಳ್ವಿಕೆ ವಿಷ್ಣುವರ್ಧನ 1116ರ ಹೊತ್ತಿಗೆ ತಲಕಾಡನ್ನು ಗೆಲ್ಲುವವರೆಗೆ ನಡೆಯಿತು. ಆಳ್ವಿಕೆ ಶಾಸನದಲ್ಲಿತ್ತೇ, ಸಂತೆಯವರೆಗೂ ಇಳಿದಿತ್ತೇ ಎಂಬುದನ್ನು ಆ ಅಗ್ಗದ ಕಾಸುಗಳು ಮಳವಳ್ಳಿ ಕಡೆಯ ಯಾವ ಊರುಗಳಲ್ಲಿ ಸಿಗುತ್ತವೆ ಎಂಬುದು ತೋರಿಸಬಲ್ಲದು.

ಇದು ಬರೀ ಆಸೆಯ ಮಾತಲ್ಲ. ಚಿತ್ರದುರ್ಗದ ಚಂದ್ರವಳ್ಳಿಯನ್ನು ನೋಡಿ. ಆರ್. ನರಸಿಂಹಾಚಾರ್ಯರು, ಅವರ ಬಳಿಕ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದರು. ಸಿಕ್ಕದ್ದರಲ್ಲಿ ಕಣ್ಣಿಗೆ ತೀರ ಬಡಕಲು ಸೀಸದ ನಾಣ್ಯಗಳು. ಸದಕಣ ಕಳಲಾಯ ಮಹಾರಠಿ ಎಂಬ ಸ್ಥಳೀಯ ಅಧಿಪತಿಯ ಹೆಸರು ನಮಗೆ ಉಳಿದುಬಂದದ್ದು ಆ ಸೀಮೆಯ ಇಂಥ ಸೀಸದ ಬಿಲ್ಲೆಗಳಿಂದ. ಸಾತವಾಹನ ನಾಣ್ಯಗಳೂ ರೋಮಿನ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ದಿನಾರಿಗಳೂ ಒಂದೇ ನೆಲೆಯಲ್ಲಿ, ಮಡಕೆ ಚೂರುಗಳ ಪದರಗಳೊಂದಿಗೆ ಸಿಕ್ಕಿದ್ದರಿಂದ ಕರ್ನಾಟಕದ ಆದಿ ಇತಿಹಾಸದ ಕಾಲಗಣನೆಗೆ ಒಂದು ಮೊಳೆ ಹೊಡೆದಂತಾಯಿತು. ಬೆಂಗಳೂರಿನ ಯಶವಂತಪುರದ ಕಥೆಯನ್ನು ಇದರ ಪಕ್ಕದಲ್ಲಿಡಿ. 1891ರಲ್ಲಿ ರೈಲ್ವೆ ಕೆಲಸಕ್ಕೆ ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕಿದವು. ಬೆಳ್ಳಿಯಾದ್ದರಿಂದ ಅವು ಉಳಿದವು, ಎಣಿಕೆಯೂ ಉಳಿಯಿತು. ಆದರೆ ಗುದ್ದಲಿ ಬೀಳುವ ಮೊದಲು ಅವುಗಳ ಸುತ್ತ ಯಾವ ಊರಿತ್ತು, ಯಾವ ದಾರಿಯಿತ್ತು, ಅವನ್ನು ಹೂತವರು ಎಂಥವರು ಎಂಬುದಕ್ಕೆ ಆ 163 ನಾಣ್ಯಗಳಲ್ಲಿ ಉತ್ತರವಿಲ್ಲ. ಚಂದ್ರವಳ್ಳಿಯ ಒಂದು ದಿನಾರಿ ತನ್ನ ಪದರದಿಂದಾಗಿ ಹೇಳಿದ ಮಾತನ್ನು ಯಶವಂತಪುರದ ರಾಶಿ ಹೇಳಲಾರದು. ನಮ್ಮ ಕಾಲದಲ್ಲಿ ಇದೇ ಜಿಲ್ಲೆಯನ್ನು ಹಾದು 118 ಕಿಲೋಮೀಟರಿನ ಬೆಂಗಳೂರು–ಮೈಸೂರು ದಶಪಥ ಆಯಿತು. 2023ರ ಮಾರ್ಚ್ 12ರಂದು ಮಂಡ್ಯದಲ್ಲೇ ಅದು ಉದ್ಘಾಟನೆಯಾಯಿತು. ಅದಕ್ಕಾಗಿ ತಿರುವಿದ ಮಣ್ಣು 1891ರದಕ್ಕಿಂತ ಎಷ್ಟೋ ಪಾಲು ಹೆಚ್ಚು. ಜೆಸಿಬಿಯ ಬಕೆಟ್ಟಿನಲ್ಲಿ ಕಾಸು ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ ರಿಚರ್ಡ್ ರೀಸ್ ಎಂಬ ವಿದ್ವಾಂಸರು ಯಾವ ಸಂಗ್ರಾಹಕರೂ ಬಯಸದ ರೋಮನ್ ತಾಮ್ರ ಚೂರುಗಳನ್ನೇ ಹಿಡಿದು ಒಂದು ಶಾಸ್ತ್ರವನ್ನು ಕಟ್ಟಿದರು. 1991ರಲ್ಲಿ ಅವರು 140 ನೆಲೆಗಳ ನಾಣ್ಯಪಟ್ಟಿಯನ್ನು ಪ್ರಕಟಿಸಿದರು. ಪ್ರತಿ ನೆಲೆಯಲ್ಲಿ ಯಾವ ಕಾಲದ ನಾಣ್ಯ ಸಾವಿರಕ್ಕೆ ಎಷ್ಟು ಎಂದು ಹೋಲಿಸಿದಾಗ ಪಟ್ಟಣಗಳ ನಡೆ ಒಂದು ಬಗೆ, ಹಳ್ಳಿಗಳ ನಡೆ ಇನ್ನೊಂದು ಬಗೆ ಎಂಬುದು ಎದ್ದು ಕಂಡಿತು. ನಾಣ್ಯ ಹಳ್ಳಿಗೆ ನಿಜವಾಗಿ ಹರಿದದ್ದು ನಾಲ್ಕನೆಯ ಶತಮಾನದಲ್ಲಿ ಎಂಬುದು ಹೊಳೆಯಿತು. ಯಾವುದೇ ಒಂದು ಚೂರಿನಿಂದ ಇದು ತಿಳಿಯುತ್ತಿರಲಿಲ್ಲ, ಎಲ್ಲ ಚೂರುಗಳೂ ಜಾಗದ ಹೆಸರಿನೊಂದಿಗೆ ದಾಖಲಾಗಿದ್ದರಿಂದ ತಿಳಿಯಿತು. ಅದೇ ದೇಶ 1997ರಿಂದ, ಸಾಮಾನ್ಯರಿಗೆ ಸಿಕ್ಕ ಹಳೆಯ ವಸ್ತುಗಳನ್ನು ಅವರಿಂದ ಕಸಿದುಕೊಳ್ಳದೆ ದಾಖಲು ಮಾಡಿ ಮರಳಿಸುವ ಒಂದು ಯೋಜನೆ ನಡೆಸುತ್ತಿದೆ. ಇದುವರೆಗೆ ಹದಿನೈದು ಲಕ್ಷಕ್ಕೂ ಹೆಚ್ಚು ವಸ್ತುಗಳು ಅದರಲ್ಲಿ ಸೇರಿವೆ.

ದೂರದ ಮಾದರಿಯೇ ಏಕೆ? ಈ ನೆಲದಲ್ಲೇ ಅದಕ್ಕಿಂತ ಹಳೆಯ ಮಾದರಿ ಇದೆ. ಬಿ.ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟ ತಂದಾಗ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ಊರು ಊರಿನ ಹೆಸರಿಟ್ಟು, ಕಲ್ಲು ಎಲ್ಲಿ ನಿಂತಿದೆ ಎಂಬ ಗುರುತಿಟ್ಟು, ಸಂಖ್ಯೆ ಹಾಕಿ ದಾಖಲಿಸಿದರು. ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಪರಿಷ್ಕರಿಸಿ ಮತ್ತೆ ತಂದಿತು. ಅದರಲ್ಲಿ ಚಂದದ ಶಾಸನಕ್ಕೆ ಒಂದು ನ್ಯಾಯ, ತ್ರುಟಿತ ಶಾಸನಕ್ಕೆ ಇನ್ನೊಂದು ನ್ಯಾಯ ಎಂದಿಲ್ಲ. ಅಕ್ಷರ ಸವೆದು ಮೂರು ಸಾಲು ಉಳಿದ ಕಲ್ಲಿಗೂ ಸಂಖ್ಯೆ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದ್ದರೂ ಗಂಗ ದೊರೆ ಬೂತುಗ, ಅವನ ವೀರ ಮಣಲೇರ, ಕಾಳಿ ಎಂಬ ನಾಯಿಯ ವೃತ್ತಾಂತ ಆತಕೂರಿನದಾಗಿಯೇ ಉಳಿದಿದೆ. ಮುರಿದ ಕಲ್ಲಿಗೆ ನೂರು ವರ್ಷಕ್ಕೂ ಹಿಂದೆ ನಾವು ಕೊಟ್ಟ ಈ ಮರ್ಯಾದೆ ಮುಕ್ಕಾದ ಕಾಸಿಗೆ ಏಕಿಲ್ಲ? ಶಾಸನ ಗದ್ಯಾಣ, ಹಣಗಳ ದಾನವನ್ನು ಹೇಳುತ್ತದೆ. ದಾನ ಕೊಡಲಾರದವರ ಕೈಯಲ್ಲಿ ಏನು ಓಡಾಡುತ್ತಿತ್ತು ಎಂಬುದನ್ನು ಹೇಳುವುದು ಕಾಸು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದೂ ಬಲವಾದದ್ದೂ ಸಂಗ್ರಾಹಕರದು. ‘ನಾವು ಹಣ ಕೊಟ್ಟು ಕೊಳ್ಳದಿದ್ದರೆ ಇವೆಲ್ಲ ಕುಲುಮೆಗೆ ಹೋಗುತ್ತಿದ್ದವು’ ಎನ್ನುತ್ತಾರೆ. ಈ ಮಾತು ನಿಜ, ಮನಸಾರೆ ಒಪ್ಪುತ್ತೇನೆ. ವಾಲ್ಟರ್ ಎಲಿಯಟ್‌ರ ಕಾಲದಿಂದಲೂ ದಕ್ಷಿಣದ ನಾಣ್ಯಶಾಸ್ತ್ರ ಬೆಳೆದದ್ದು ಸಂಗ್ರಾಹಕರ ಶ್ರದ್ಧೆಯಿಂದ. ತಮಿಳುನಾಡಿನಲ್ಲಿ ಪತ್ರಿಕಾ ಸಂಪಾದಕ ಆರ್. ಕೃಷ್ಣಮೂರ್ತಿ ಕರೂರು, ಮಧುರೆಗಳಲ್ಲಿ ದೊರೆತ, ಬೇರೆಯವರು ಕಸವೆಂದು ತಿಳಿದ ಪುಟ್ಟ ರೋಮನ್ ತಾಮ್ರ ನಾಣ್ಯಗಳನ್ನು ಕೂಡಿಸಿ 1994ರಲ್ಲಿ ಗ್ರಂಥವಾಗಿ ತಂದರು. ತಮಿಳು ಬ್ರಾಹ್ಮಿಯಲ್ಲಿ ಪೆರುವಳುದಿ ಎಂಬ ಪಾಂಡ್ಯ ದೊರೆಯ ಹೆಸರಿರುವ ತಾಮ್ರ ನಾಣ್ಯವನ್ನು ಓದಿದವರೂ ಅವರೇ. ಕಿಲುಬಿನ ಚೂರುಗಳನ್ನು ಪ್ರೀತಿಸಿದ್ದರಿಂದಲೇ ಸಂಗಮ ಕಾಲಕ್ಕೆ ನಾಣ್ಯದ ಸಾಕ್ಷ್ಯ ದೊರೆಯಿತು. ಇದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಅವರ ಗ್ರಂಥದ ಹೆಸರಿನಲ್ಲೇ ಊರುಗಳಿವೆ. ಸಂಗ್ರಾಹಕರು ನಿಜಕ್ಕೂ ದೊಡ್ಡ ಉಪಕಾರ ಮಾಡಬೇಕೆಂದರೆ ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ ‘ಎಲ್ಲಿ ಸಿಕ್ಕಿತು’ ಎಂದಾಗಲಿ, ಉತ್ತರವನ್ನು ಲಕೋಟೆಯ ಮೇಲೆ ಬರೆದಿಡಲಿ, ಉಜ್ಜದ ಕಾಸಿಗೆ ಉಜ್ಜಿದ್ದಕ್ಕಿಂತ ಹೆಚ್ಚು ಕೊಡಲಿ. ಪೇಟೆಯ ರೂಢಿಯನ್ನು ಬದಲಿಸುವ ಶಕ್ತಿ ಸರ್ಕಾರಕ್ಕಿಂತ ಅವರ ಕೈಯಲ್ಲಿದೆ.

ಎರಡನೆಯ ಆಕ್ಷೇಪವನ್ನು ಎತ್ತಬೇಕಾದವರು ರೈತರು. ನಮ್ಮ ಸೀಮೆಯಲ್ಲಿ ಕೆರೆಯ ಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುವುದು ಹಳೆಯ ಪದ್ಧತಿ. ತಿಪ್ಪೆಯ ಗೊಬ್ಬರವೂ ಊರಿನಿಂದ ಹೊಲಕ್ಕೆ ಹೋಗುತ್ತದೆ. ಕಾಸು ಗೋಡಿನ ಜೊತೆ ಬಂದಿದ್ದರೆ ಹೊಲದ ಗುರುತಿಗೆ ಅರ್ಥವೇನು? ಒಳ್ಳೆಯ ಪ್ರಶ್ನೆ. ಗೋಡು ಬಂದದ್ದು ಆ ಊರಿನ ಕೆರೆಯಿಂದಲೇ, ತಿಪ್ಪೆ ಆ ಊರಿನ ಮನೆಗಳದೇ. ನಮಗೆ ಬೇಕಾದ್ದು ಗೇಣಳತೆಯ ನಿಖರತೆಯಲ್ಲ, ಊರಿನ ಮಟ್ಟದ ಗುರುತು, ಅದು ಕೆಡುವುದಿಲ್ಲ. ಗೋಡು ಹೊಡೆದ ಹೊಲವೋ ಅಲ್ಲವೋ ಎಂದು ರೈತರೇ ಹೇಳಬಲ್ಲರು, ಆ ಒಂದು ಮಾತನ್ನೂ ದಾಖಲೆಯಲ್ಲಿ ಬರೆದುಕೊಂಡರಾಯಿತು. ಕೆಡುವುದು ಯಾವಾಗೆಂದರೆ ಲಾರಿಯಲ್ಲಿ ಮಣ್ಣು ಜಿಲ್ಲೆ ದಾಟಿ ಬಂದು ಬಡಾವಣೆಯ ತಗ್ಗು ತುಂಬಿದಾಗ. ಗುತ್ತಲಿನ ಹಾಗೆ ಪಟ್ಟಣದೊಳಗೆ ಸೇರಿಕೊಂಡ ಊರುಗಳಲ್ಲಿ ಇದು ದಿನದಿನದ ಸಂಗತಿ. ಅದಕ್ಕೇ ಅವಸರವಿದೆ ಎನ್ನುತ್ತೇನೆ.

ಮೂರನೆಯದು ಭಯದ ಆಕ್ಷೇಪ. ಸಿಕ್ಕಿದ್ದನ್ನು ಹೇಳಿದರೆ ಪೊಲೀಸರು ಬರುತ್ತಾರೆ, ಹೊಲಕ್ಕೆ ಬೇಲಿ ಬೀಳುತ್ತದೆ, ಸುದ್ದಿ ಹರಡಿದರೆ ರಾತ್ರಿ ನಿಧಿಗಳ್ಳರು ಬರುತ್ತಾರೆ. ಈ ಭಯಕ್ಕೆ ಕಾರಣಗಳಿವೆ. ಹಾಳುಬಿದ್ದ ಗುಡಿಗಳ ಬಸವನನ್ನು ಕಿತ್ತು ನಿಧಿಗಾಗಿ ಗುಂಡಿ ತೋಡಿದ ಎಷ್ಟೋ ನಿದರ್ಶನಗಳು ರಾಜ್ಯದ ತುಂಬ ಇವೆ. ಅಕ್ಕಿ ಎಳೆಯುವ ನಾಣ್ಯ, ರೈಸ್ ಪುಲ್ಲರ್ ಚೊಂಬು ಎಂದು ನಂಬಿಸಿ ಜನರ ಉಳಿತಾಯ ನುಂಗಿದವರಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ 1818ರ ನಾಣ್ಯವೆಂದು ಹನುಮಂತನ, ರಾಮನ ಚಿತ್ರವಿರುವ ಬಿಲ್ಲೆಗಳನ್ನು ಮಾರುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಅಚ್ಚು ಹಾಕಿಸಲೇ ಇಲ್ಲ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ ವಸೂಲು ಮಾಡುವವರ ಬಗ್ಗೆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಡಬೇಕಾಯಿತು. ಇವೆಲ್ಲ ಬೆಳೆಯುವುದು ಮೌನದಲ್ಲಿ, ಕಾಸಿನ ನಿಜವಾದ ಬೆಲೆ ಯಾರಿಗೂ ತಿಳಿಯದಿರುವ ಕಡೆಯಲ್ಲಿ. ದಾಖಲೆ ಬಹಿರಂಗವಾಗಿದ್ದು, ಇಂಥ ಪೈಸೆಗಳು ಈ ಹೋಬಳಿಯಲ್ಲಿ ನೂರಾರು ಸಿಕ್ಕಿವೆ, ಪೇಟೆಯಲ್ಲಿ ಇದಕ್ಕೆ ಬರುವುದು ಅಲ್ಪ ಎಂದು ಎಲ್ಲರಿಗೂ ಗೊತ್ತಾದರೆ ಮಾಯಾಜಾಲಕ್ಕೆ ಜಾಗ ಕಡಿಮೆಯಾಗುತ್ತದೆ. ಹೊಲದ ಸರ್ವೆ ನಂಬರನ್ನು ಪ್ರಕಟಿಸದೆ ಊರಿನ ಹೆಸರನ್ನಷ್ಟೇ ಪ್ರಕಟಿಸಿದರೆ ಹೊಲಕ್ಕೂ ರಕ್ಷಣೆ. ಹುಡುಕಿಕೊಂಡು ಹೋಗಿ ಅಗೆಯಿರಿ ಎಂದು ನಾನು ಹೇಳುತ್ತಿಲ್ಲ, ಅದು ತಪ್ಪು. ಬೇರೆ ಕೆಲಸಕ್ಕೆ ನೆಲ ತಿರುವಿದಾಗ ತಾನಾಗಿ ಮೇಲೆ ಬಂದದ್ದರ ಮಾತು ಇದು.

ನನ್ನ ಸೂಚನೆ ದೊಡ್ಡ ವೆಚ್ಚದ್ದಲ್ಲ. ವಸ್ತುಸಂಗ್ರಹಾಲಯ ಎಲ್ಲವನ್ನೂ ಇಟ್ಟುಕೊಳ್ಳಬೇಕಾಗಿಲ್ಲ, ಇಟ್ಟುಕೊಳ್ಳಲು ಜಾಗವೂ ಇಲ್ಲ. ಒಂಟಿ ಕಾಸು ತಂದವರಿಂದ ಅದನ್ನು ಪಡೆದು, ತೂಗಿ, ಅಳೆದು, ಎರಡೂ ಬದಿಯ ಚಿತ್ರ ತೆಗೆದು, ಊರು ಮತ್ತು ಸಿಕ್ಕ ಬಗೆಯನ್ನು ಬರೆದುಕೊಂಡು ಮರಳಿಸುವುದು. ದಾಖಲೆಗಾಗಿ ಒಂದು ನಿಗದಿತ ಮೊತ್ತವನ್ನು, ಕಾಸು ಚಂದವಿರಲಿ ಮುಕ್ಕಾಗಿರಲಿ, ಸಮನಾಗಿ ಕೊಡುವುದು. ಕುಡಿಕೆಗಟ್ಟಲೆ ಸಿಕ್ಕರೆ, ಚಿನ್ನ ಬೆಳ್ಳಿ ಸಿಕ್ಕರೆ ಅದು ಕಾಯ್ದೆಯ ದಾರಿಯಲ್ಲೇ ನಡೆಯಲಿ, ಆದರೆ ಪರಿಹಾರ ಲೋಹದ ತೂಕಕ್ಕೆ ಕಟ್ಟುಬೀಳದಿರಲಿ. ತಾಲ್ಲೂಕು ಕೇಂದ್ರದಲ್ಲಿ ಇತಿಹಾಸ ಕಲಿಸುವ ಕಾಲೇಜುಗಳಿವೆ, ಊರುಗಳಲ್ಲಿ ಗ್ರಂಥಾಲಯಗಳಿವೆ, ಒಂದು ಸಣ್ಣ ತಕ್ಕಡಿ ಮತ್ತು ಫೋನಿನ ಕ್ಯಾಮೆರಾ ಇದ್ದರೆ ಕೆಲಸ ಆರಂಭವಾಗುತ್ತದೆ. ಮನೆಗಳಲ್ಲಿ ಈಗಾಗಲೇ ಇರುವ ಕಾಸುಗಳನ್ನೂ ಬಿಡಬಾರದು. ದೇವರ ಗೂಡಿನಲ್ಲಿ, ಹಳೆಯ ಡಬ್ಬಿಯಲ್ಲಿ ಇರುವವುಗಳ ಪೈಕಿ ಎಷ್ಟೋ ಹುಣಸೆಹುಳಿ ಕಂಡಿರುತ್ತವೆ, ಎಷ್ಟಕ್ಕೋ ಸಿಕ್ಕ ಜಾಗ ಮನೆಯ ಹಿರಿಯರೊಬ್ಬರಿಗೆ ಮಾತ್ರ ನೆನಪಿರುತ್ತದೆ. ಅವರನ್ನು ಈ ವರ್ಷವೇ ಕೇಳಬೇಕು. ನೆನಪಿದ್ದಕ್ಕೆ ಊರಿನ ಹೆಸರು ಬರೆಯೋಣ. ನೆನಪಿಲ್ಲದ್ದಕ್ಕೆ ದೊರೆತ ಜಾಗ ತಿಳಿಯದು ಎಂದು ಬರೆದು, ಅಚ್ಚಿನ ಬಗೆಯನ್ನೂ ತೂಕವನ್ನೂ ಅದೇ ಪುಸ್ತಕದಲ್ಲಿ ಸೇರಿಸೋಣ.